ಕಾರಿನ ಹಿಂದಿನ ಲೈಟ್ ಕೈಕೊಟ್ಟಾಗ: ಬಲ್ಬ್ ಕೊಳ್ಳುವ ಮೊದಲು ಇಷ್ಟು ನೋಡಿ

"ಬ್ರೇಕ್ ಲೈಟ್ ಒಂದು ಕಡೆ ಉರಿಯುತ್ತಿಲ್ಲ. ಹೊಸ ಬಲ್ಬ್ ಹಾಕಿಸಿದೆ, ಹದಿನೈದು ದಿನಕ್ಕೆ ಮತ್ತೆ ಹೋಯಿತು. ಏನು ಮಾಡಲಿ?" ಓದುಗರಿಂದ ಪದೇಪದೇ ಬರುವ ಪ್ರಶ್ನೆ ಇದು. ಮಳೆಗಾಲ ಶುರುವಾದರೆ ಇನ್ನೂ ಜಾಸ್ತಿ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಲೈಟ್ ಉರಿಯಲಿಲ್ಲ ಅಂದ ಕೂಡಲೇ ಬಲ್ಬ್ ತರಲು ಓಡಬೇಡಿ. ಅದು ಹೇಗೆ ಕೈಕೊಟ್ಟಿದೆ ಅಂತ ನೋಡಿ. ಒಂದೇ ಕಡೆಯಾ, ಎರಡೂ ಕಡೆಯಾ? ಬ್ರೇಕ್ ಒತ್ತಿದಾಗ ಇಂಡಿಕೇಟರ್ ಕೂಡ ಮಿಣುಕುತ್ತದೆಯಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಹೇಳುತ್ತಿರುವುದು ಬಲ್ಬ್ ಇರುವ ಕಾರುಗಳಿಗೆ. ಪೂರ್ತಿ ಎಲ್‌ಇಡಿ ಬಂದಿರುವ ಹೊಸ ಕಾರುಗಳ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಹಿಂದೆ ಯಾವ್ಯಾವ ಲೈಟ್ ಇರುತ್ತವೆ

ಹೆಡ್‌ಲೈಟ್ ಸ್ವಿಚ್‌ನ ಮೊದಲ ಹಂತ ತಿರುಗಿಸಿದಾಗ ಹಿಂದೆ ಮಂದವಾಗಿ ಕೆಂಪಗೆ ಉರಿಯುವುದು ಟೈಲ್ ಲೈಟ್. ನಮ್ಮ ಗ್ಯಾರೇಜ್‌ಗಳಲ್ಲಿ ಇದನ್ನು ಪಾರ್ಕಿಂಗ್ ಲೈಟ್ ಅಂತಲೂ ಕರೆಯುತ್ತಾರೆ. ಬ್ರೇಕ್ ಒತ್ತಿದಾಗ ಜೋರಾಗಿ ಉರಿಯುವುದು ಬ್ರೇಕ್ ಲೈಟ್. ಹಿಂದಿನ ಗಾಜಿನ ಮೇಲೋ ಒಳಗೋ ಇರುವ ಮೂರನೆಯ ಬ್ರೇಕ್ ಲೈಟಿಗೆ ಹೈಮೌಂಟ್ ಲ್ಯಾಂಪ್ ಅನ್ನುತ್ತಾರೆ. ಜೊತೆಗೆ ಹಳದಿ ಇಂಡಿಕೇಟರ್, ಬಿಳಿ ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟ್. ಕೆಲವು ಕಾರುಗಳಲ್ಲಿ ಹಿಂದಿನ ಫಾಗ್ ಲೈಟ್ ಕೂಡ ಇರುತ್ತದೆ.

ಈ ಫಾಗ್ ಲೈಟ್ ವಿಷಯದಲ್ಲಿ ತುಂಬ ಜನ ಸುಮ್ನೆ ಗಾಬರಿಯಾಗುತ್ತಾರೆ. ಎಷ್ಟೋ ಕಾರುಗಳಲ್ಲಿ ಹಿಂದಿನ ಫಾಗ್ ಲೈಟ್ ಇರುವುದೇ ಒಂದು, ಅದೂ ಬಲಗಡೆ. ಎಡಗಡೆ ಅದೇ ಜಾಗದಲ್ಲಿ ರಿವರ್ಸ್ ಲೈಟ್ ಇರುತ್ತದೆ. ಒಂದೇ ಕಡೆ ಉರಿದರೆ ಕೆಟ್ಟಿದೆ ಅಂತ ಅಲ್ಲ. ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ.

ಬೇಕಾಗುವ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, 10 ನಂಬರ್ ಬಾಕ್ಸ್ ಸ್ಪ್ಯಾನರ್, ನಯವಾದ ಎಮರಿ ಪೇಪರ್, ಒಣ ಬಟ್ಟೆ, ಸ್ವಲ್ಪ ವ್ಯಾಸಲೀನ್, ಒಂದು ಮೀಟರ್ ವೈರ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದ ಟೆಸ್ಟ್ ಲ್ಯಾಂಪ್ ಸಾಕು. ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ಅದನ್ನೇ ಜಾಸ್ತಿ ನಂಬುತ್ತಾರೆ. ನನ್ನ ಪ್ರಕಾರ ಅದು ಸರಿಯೇ. ತುಕ್ಕು ಹಿಡಿದ ವೈರ್‌ನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಮಾತ್ರ ನಿಜವಾದ ಕರೆಂಟ್ ಬಂದರೇ ಉರಿಯುವುದು.

ಹಂತ 1: ಒಬ್ಬರೇ ಇದ್ದರೂ ಎಲ್ಲ ಲೈಟ್ ಪರೀಕ್ಷೆ ಮಾಡಿ

ಯಾರಾದರೂ ಜೊತೆಗಿದ್ದರೆ ಹಿಂದೆ ನಿಲ್ಲಿಸಿ ಒಂದೊಂದೇ ಲೈಟ್ ಹಾಕಿ. ಒಬ್ಬರೇ ಇದ್ದರೆ ಸಂಜೆ ಕತ್ತಲಾದ ಮೇಲೆ ಗೋಡೆಗೋ ಮುಚ್ಚಿದ ಶಟರ್‌ಗೋ ಹಿಂಭಾಗ ಮಾಡಿ ನಿಲ್ಲಿಸಿ. ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿದರೆ ಎರಡು ಕೆಂಪು ಬೆಳಕು ಗೋಡೆಯ ಮೇಲೆ ಬೀಳಬೇಕು. ಇನ್ನೊಂದು ದಾರಿ: ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಹಿಂದೆ ಇಟ್ಟು ಬನ್ನಿ, ಎಲ್ಲ ಸ್ವಿಚ್ ಒಂದು ಸುತ್ತು ಹಾಕಿ, ಆಮೇಲೆ ನೋಡಿ.

ಇಂಜಿನ್ ಆಫ್ ಇರಲಿ, ಕೀ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ರಿವರ್ಸ್ ಲೈಟ್ ನೋಡಲು ರಿವರ್ಸ್ ಗೇರ್ ಹಾಕಿದರೆ ಸಾಕು, ಇಂಜಿನ್ ಸ್ಟಾರ್ಟ್ ಮಾಡಬೇಡಿ.

ಟೈಲ್ ಲೈಟ್ ಒಂದನ್ನೇ ಹಾಕಿ ನೋಡಿ, ಬ್ರೇಕ್ ಒಂದನ್ನೇ ಒತ್ತಿ ನೋಡಿ. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿ ನೋಡಿ. ತುಂಬ ಜನ ಈ ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗಲು ಕಾರಿನ ಬಾಡಿಗೆ ಸೇರಿಸಿದ ವೈರ್, ಅದರ ತೊಂದರೆ ಬಯಲಾಗುವುದೇ ಆಗ.

ಇನ್ನೊಂದು ಎಚ್ಚರಿಕೆ. ಈಗಿನ ಕಾರುಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಮುಂದೆ ಹಗಲಿನ ಬಿಳಿ ಲೈಟ್ ಉರಿಯುತ್ತದೆ, ಡ್ಯಾಶ್‌ಬೋರ್ಡ್ ಕೂಡ ಝಗಮಗ ಅನ್ನುತ್ತದೆ. ಲೈಟ್ ಆನ್ ಇದೆ ಅಂದುಕೊಂಡು ಎಷ್ಟೋ ಜನ ಹಾಗೇ ಹೊರಟುಬಿಡುತ್ತಾರೆ. ಆದರೆ ಬಹಳಷ್ಟು ಕಾರುಗಳಲ್ಲಿ ಆ ಹಗಲಿನ ಲೈಟ್ ಹತ್ತಿದರೆ ಹಿಂದೆ ಏನೂ ಹತ್ತುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹಿಂದೆ ಪೂರ್ತಿ ಕತ್ತಲಾಗಿ ಹೋಗುವ ಹೊಸ ಕಾರುಗಳ ಲೈಟ್ ಕೆಟ್ಟಿರಲೇಬೇಕು ಅಂತೇನಿಲ್ಲ, ಸ್ವಿಚ್ ಹಾಕದೇ ಇರುವುದೇ ಕಾರಣ ಇರಬಹುದು.

ಹಂತ 2: ಲಕ್ಷಣ ನೋಡಿ ಕಾರಣ ಹಿಡಿಯಿರಿ

ಒಂದು ಕಡೆಯ ಒಂದೇ ಲೈಟ್ ಉರಿಯುತ್ತಿಲ್ಲ, ಉಳಿದದ್ದೆಲ್ಲ ಸರಿ ಇದೆ. ಆಗ ಬಲ್ಬ್ ಅಥವಾ ಹೋಲ್ಡರ್. ಹಂತ 3ಕ್ಕೆ ಹೋಗಿ.

ಕೆಳಗಿನ ಎರಡು ಬ್ರೇಕ್ ಲೈಟ್ ಉರಿಯುತ್ತಿಲ್ಲ, ಮೇಲಿನ ಹೈಮೌಂಟ್ ಉರಿಯುತ್ತಿದೆ. ಅಂದರೆ ಸಾಮಾನ್ಯವಾಗಿ ಫ್ಯೂಸ್, ಪೆಡಲ್ ಸ್ವಿಚ್ ಎರಡೂ ಚೆನ್ನಾಗಿವೆ. ಒಂದು ಬಲ್ಬ್ ಯಾವತ್ತೋ ಹೋಗಿತ್ತು, ನೀವು ನೋಡಿರಲಿಲ್ಲ. ಈಗ ಎರಡನೆಯದೂ ಹೋಗಿದೆ.

ಮೂರೂ ಬ್ರೇಕ್ ಲೈಟ್ ಉರಿಯುತ್ತಿಲ್ಲ. ಮೂರು ಬಲ್ಬ್ ಒಟ್ಟಿಗೆ ಹೋಗುವುದು ಅಪರೂಪ. ಫ್ಯೂಸ್ ಅಥವಾ ಬ್ರೇಕ್ ಪೆಡಲ್ ಸ್ವಿಚ್ ನೋಡಿ.

ಬ್ರೇಕ್ ಬಿಟ್ಟರೂ ಲೈಟ್ ಆರುತ್ತಿಲ್ಲ, ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ. ಇದೂ ಪೆಡಲ್ ಸ್ವಿಚ್ ಕಡೆಯದೇ.

ಒಂದು ಕಡೆ ಇಂಡಿಕೇಟರ್ ಹಾಕಿದರೆ ಟಿಕ್‌ಟಿಕ್ ಸದ್ದು ಜೋರಾಗಿ, ಬೇಗಬೇಗ ಬರುತ್ತಿದೆ. ಆ ಕಡೆಯ ಮುಂದಿನದೋ ಹಿಂದಿನದೋ ಬಲ್ಬ್ ಹೋಗಿದೆ ಅಂತ ಕಾರೇ ಹೇಳುತ್ತಿದೆ.

ಒಂದೇ ಕಡೆಯ ಹಿಂದಿನ ಟೈಲ್ ಲೈಟೂ ಮುಂದಿನ ಪಾರ್ಕಿಂಗ್ ಲೈಟೂ ಒಟ್ಟಿಗೆ ಹೋಗಿವೆ. ಕೆಲವು ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಬೇರೆ ಫ್ಯೂಸ್ ಇರುತ್ತದೆ. ಅದನ್ನು ನೋಡಿ.

ಇನ್ನು ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಇದು: ಬ್ರೇಕ್ ಒತ್ತಿದರೆ ಟೈಲ್ ಲೈಟ್ ಮಂದವಾಗುತ್ತದೆ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಕೂಡ ಅದರ ಜೊತೆ ಮಿಣುಕುತ್ತದೆ. ಇದು ಅರ್ಥ್ ತೊಂದರೆ. ಎಷ್ಟು ಬಲ್ಬ್ ಬದಲಾಯಿಸಿದರೂ ಹೋಗುವುದಿಲ್ಲ. ನೇರವಾಗಿ ಹಂತ 5ಕ್ಕೆ ಹೋಗಿ.

ಹಂತ 3: ಬಲ್ಬ್ ಬಿಚ್ಚಿ ನೋಡಿ

ಎಲ್ಲ ಸ್ವಿಚ್ ಆಫ್ ಮಾಡಿ, ಕೀ ತೆಗೆಯಿರಿ. ಈಗಷ್ಟೇ ಉರಿಯುತ್ತಿದ್ದ ಬಲ್ಬ್ ಆದರೆ ಐದು ನಿಮಿಷ ಬಿಡಿ, ಕೈ ಸುಡುತ್ತದೆ.

ಹ್ಯಾಚ್‌ಬ್ಯಾಕ್ ಆದರೆ ಡಿಕ್ಕಿ ಬಾಗಿಲು ಎತ್ತಿದಾಗ ಲೈಟಿನ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಕಾಣುತ್ತವೆ. ಅವನ್ನು ಬಿಚ್ಚಿದ ಮೇಲೂ ಲೈಟ್ ಕೈಗೆ ಬರುವುದಿಲ್ಲ. ಹೊರಬದಿಯಲ್ಲಿ ಒಂದೆರಡು ಪ್ಲಾಸ್ಟಿಕ್ ಗೂಟಗಳು ಬಾಡಿಯ ಬುಶ್‌ಗೆ ಸಿಕ್ಕಿಕೊಂಡಿರುತ್ತವೆ. ಲೈಟನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಹಿಂದಕ್ಕೆ ಎಳೆಯಿರಿ. ಬದಿಗೆ ತಿರುಚಿದರೆ ಗೂಟ ಮುರಿಯುತ್ತದೆ. ಆಮೇಲೆ ಲೈಟ್ ಗಟ್ಟಿಯಾಗಿ ಕೂರುವುದಿಲ್ಲ, ಸಂದಿಯಿಂದ ನೀರು ಹೋಗುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಲೇಬೇಕಾದರೆ ಬಟ್ಟೆ ಸುತ್ತಿ ಮೀಟಿ, ಇಲ್ಲದಿದ್ದರೆ ಪೇಂಟ್ ಹೋಗುತ್ತದೆ. ಸೆಡಾನ್‌ಗಳಲ್ಲಿ ಬಹುತೇಕ ಡಿಕ್ಕಿಯ ಒಳಗಿನ ಲೈನಿಂಗ್ ಸರಿಸಿ ಕೈಹಾಕಬೇಕಾಗುತ್ತದೆ.

ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಬಲ್ಬನ್ನು ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿ, ಬಿಡಿ. ಕೆಲವು ಬಲ್ಬ್‌ಗಳಿಗೆ ಲೋಹದ ಬುಡವೇ ಇರುವುದಿಲ್ಲ, ಗಾಜನ್ನೇ ನೇರವಾಗಿ ಎಳೆಯಬೇಕು.

ಈಗ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ತಂತಿ ತುಂಡಾಗಿದ್ದರೆ ಅಲ್ಲಾಡಿಸಿದಾಗ ಸಣ್ಣಗೆ ಸದ್ದು ಬರುತ್ತದೆ. ಗಾಜಿನ ಒಳಗೆ ಕಪ್ಪು ಹೊಳಪು ಕೂತಿದ್ದರೆ ಬಲ್ಬಿನ ಆಯಸ್ಸು ಮುಗಿಯುತ್ತಾ ಬಂದಿದೆ. ಒಳಗೆ ಹಾಲಿನಂಥ ಬಿಳಿ ಪುಡಿ ಕಂಡರೆ ಗಾಜಿನೊಳಕ್ಕೆ ಗಾಳಿ ಹೋಗಿದೆ ಅಂತ ಅರ್ಥ. ಇಂಡಿಕೇಟರ್ ಬಲ್ಬ್ ಆದರೆ ಅದರ ಹಳದಿ ಬಣ್ಣ ಸಿಪ್ಪೆ ಎದ್ದಿದೆಯಾ ನೋಡಿ. ಬಣ್ಣ ಉದುರಿದ ಬಲ್ಬ್ ಬಿಳಿಯಾಗಿ ಮಿಣುಕುತ್ತದೆ. ಬಿಸಿಲಲ್ಲಿ ಹಿಂದಿನವರಿಗೆ ಅದು ಇಂಡಿಕೇಟರ್ ಅಂತ ಗೊತ್ತೇ ಆಗುವುದಿಲ್ಲ.

ಹಂತ 4: ಸರಿಯಾದ ಬಲ್ಬ್ ತಂದು ಹಾಕಿ

ಹಳೆ ಬಲ್ಬನ್ನು ಅಂಗಡಿಗೆ ತೆಗೆದುಕೊಂಡು ಹೋಗುವುದೇ ಒಳ್ಳೆಯದು. ಅದರ ಬುಡದಲ್ಲಿ ನಂಬರ್ ಬರೆದಿರುತ್ತದೆ.

ಟೈಲ್ ಮತ್ತು ಬ್ರೇಕ್ ಒಂದೇ ಬಲ್ಬಿನಲ್ಲಿದ್ದರೆ ಅದು ಸಾಮಾನ್ಯವಾಗಿ ಪಿ21/5ಡಬ್ಲ್ಯೂ. ಅಂಗಡಿಯಲ್ಲಿ ಡಬಲ್ ಕಾಂಟ್ಯಾಕ್ಟ್ ಬಲ್ಬ್ ಅಂದರೆ ಕೊಡುತ್ತಾರೆ. ಒಳಗೆ ಎರಡು ತಂತಿ ಇರುತ್ತವೆ: 5 ವ್ಯಾಟಿನದು ಟೈಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಪಿ21ಡಬ್ಲ್ಯೂ ಸಿಂಗಲ್ ಕಾಂಟ್ಯಾಕ್ಟ್, ಒಂದೇ ತಂತಿ. ಪಿವೈ21ಡಬ್ಲ್ಯೂ ಅಂದರೆ ಹಳದಿ ಬಣ್ಣದ ಇಂಡಿಕೇಟರ್ ಬಲ್ಬ್. ಬುಡವಿಲ್ಲದ ಪುಟ್ಟ ಗಾಜಿನ ಬಲ್ಬ್ ಡಬ್ಲ್ಯೂ5ಡಬ್ಲ್ಯೂ, ಇದು ಎಷ್ಟೋ ಕಾರುಗಳ ನಂಬರ್ ಪ್ಲೇಟ್ ಲೈಟಿನಲ್ಲಿರುತ್ತದೆ.

ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಬುಡವನ್ನು ಹತ್ತಿರದಿಂದ ನೋಡಿ. ಎರಡು ಬದಿಯಲ್ಲಿ ಎರಡು ಸಣ್ಣ ಮೊಳೆಗಳಿವೆ, ಒಂದು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಬಲ್ಬನ್ನು ತಿರುಗಾಮುರುಗಾ ಹಾಕಬಾರದು ಅಂತಲೇ ಹಾಗೆ ಮಾಡಿದ್ದಾರೆ. ಹೋಲ್ಡರಿನಲ್ಲಿ ಆ ಮೊಳೆಗಳು ಕೂರುವ ಸೀಳುಗಳೂ ಅದಕ್ಕೆ ಸರಿಯಾಗಿ ಮೇಲೆ ಕೆಳಗೆ ಇರುತ್ತವೆ. ಕೂರುತ್ತಿಲ್ಲ ಅಂತ ಬಲವಂತವಾಗಿ ಒತ್ತಿ ತಿರುಗಿಸಿದರೆ ಉಲ್ಟಾ ಕೂತುಬಿಡುತ್ತದೆ. ಆಗ ಟೈಲ್ ಲೈಟಿನ ಜಾಗದಲ್ಲಿ 21 ವ್ಯಾಟಿನ ತಂತಿ ರಾತ್ರಿಯೆಲ್ಲ ಉರಿಯುತ್ತದೆ. ಬ್ರೇಕ್ ಒತ್ತಿದರೆ ಹಿಂದಿನವರಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಹೋಲ್ಡರ್ ಕರಗಿ ಹೋಗುತ್ತದೆ. ಎರಡು ವಾರಕ್ಕೊಮ್ಮೆ ಬಲ್ಬ್ ಹೋಗುತ್ತಿದ್ದರೆ ಇದನ್ನೂ ಒಮ್ಮೆ ಪರೀಕ್ಷೆ ಮಾಡಿ.

ಬಲ್ಬಿನ ಗಾಜನ್ನು ಕೈಯಲ್ಲಿ ಮುಟ್ಟಬಾರದಲ್ವಾ ಅಂತ ಕೆಲವರು ಕೇಳುತ್ತಾರೆ. ಆ ನಿಯಮ ಹೆಡ್‌ಲೈಟಿನ ಹ್ಯಾಲೋಜನ್ ಬಲ್ಬಿಗೆ. ಹಿಂದಿನ ಸಾಧಾರಣ ಬಲ್ಬಿಗೆ ಅಷ್ಟು ಮಡಿ ಬೇಡ. ಬಟ್ಟೆಯಲ್ಲಿ ಒರೆಸಿ ಹಾಕಿದರೆ ಸಾಕು.

ಒಂದು ಕಡೆಯ ಬಲ್ಬ್ ಹೋದಾಗ ಇನ್ನೊಂದು ಕಡೆಯದನ್ನೂ ಬದಲಾಯಿಸಿಬಿಡಿ. ಎರಡೂ ಅಷ್ಟೇ ಹಳೆಯವು, ಬಲ್ಬ್ ಏನೂ ದುಬಾರಿಯಲ್ಲ.

ಹಂತ 5: ಹೋಲ್ಡರ್ ಮತ್ತು ಅರ್ಥ್

ಹೊಸ ಬಲ್ಬ್ ಹಾಕಿಯೂ ಉರಿಯದಿದ್ದರೆ ನಿಮ್ಮ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ.

ಹೋಲ್ಡರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯಾ? ತೇವ ಹೋಗಿ ಕಾಂಟ್ಯಾಕ್ಟ್ ಹಾಳಾಗಿದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಇದು ಬೇಗ ಆಗುತ್ತದೆ. ಎಮರಿ ಪೇಪರನ್ನು ಪೆನ್ಸಿಲ್ ತುದಿಗೆ ಸುತ್ತಿ ಲೋಹ ಹೊಳೆಯುವವರೆಗೆ ಮೆಲ್ಲಗೆ ಉಜ್ಜಿ. ಪುಡಿ ಊದಿ ತೆಗೆಯಿರಿ. ಆಮೇಲೆ ವ್ಯಾಸಲೀನನ್ನು ತೆಳುವಾಗಿ, ಬೆರಳಿಗೆ ಅಂಟಿದಷ್ಟೇ ಸವರಿ. ಕಾಂಟ್ಯಾಕ್ಟ್ ಪಟ್ಟಿ ಒಳಕ್ಕೆ ಕುಸಿದು ಬಲ್ಬನ್ನು ಮುಟ್ಟುತ್ತಿಲ್ಲದಿದ್ದರೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಮೇಲಕ್ಕೆ ಎತ್ತಿ. ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೋಲ್ಡರನ್ನೇ ಬದಲಾಯಿಸಿ.

ಈಗ ಅರ್ಥ್. ಕಾರಿನಲ್ಲಿ ಪ್ರತಿ ಬಲ್ಬಿಗೂ ಬ್ಯಾಟರಿವರೆಗೆ ಎರಡೆರಡು ವೈರ್ ಇರುವುದಿಲ್ಲ. ಕರೆಂಟ್ ಒಂದು ವೈರ್‌ನಲ್ಲಿ ಬಂದು, ಕಾರಿನ ಕಬ್ಬಿಣದ ಬಾಡಿಯ ಮೂಲಕ ವಾಪಸ್ ಹೋಗುತ್ತದೆ. ಬಾಡಿಗೆ ಸೇರುವ ಆ ವೈರನ್ನೇ ಅರ್ಥ್ ಅನ್ನುವುದು. ಒಂದು ಕಡೆಯ ಎಲ್ಲ ಬಲ್ಬ್‌ಗಳಿಗೂ ಸಾಮಾನ್ಯವಾಗಿ ಒಂದೇ ಅರ್ಥ್. ಅದು ತುಕ್ಕು ಹಿಡಿದರೆ ಬ್ರೇಕ್ ಬಲ್ಬಿಗೆ ಬಂದ ಕರೆಂಟ್ ವಾಪಸ್ ಹೋಗಲು ದಾರಿಯಿಲ್ಲದೆ ಪಕ್ಕದ ಇಂಡಿಕೇಟರ್ ಬಲ್ಬಿನ ಒಳಗಿಂದ ನುಸುಳುತ್ತದೆ. ಅದಕ್ಕೇ ಒಂದು ಹಾಕಿದರೆ ಇನ್ನೊಂದು ಮಿಣುಕುವುದು.

ಪರೀಕ್ಷೆ ಸುಲಭ. ಲೈಟ್ ಯೂನಿಟ್‌ಗೆ ಹೋಗುವ ಅರ್ಥ್ ವೈರ್ ಯಾವುದು ಅಂತ ಗುರುತಿಸಿ. ಬಹಳಷ್ಟು ಸಲ ಅದು ಕಪ್ಪು, ಆದರೆ ಬಣ್ಣವನ್ನೇ ನಂಬಬೇಡಿ, ಪುಸ್ತಕ ಅಥವಾ ಮೀಟರ್‌ನಿಂದ ಖಚಿತ ಮಾಡಿಕೊಳ್ಳಿ. ತಪ್ಪು ವೈರ್ ಹಿಡಿದು ಬಾಡಿಗೆ ತಾಗಿಸಿದರೆ ಫ್ಯೂಸ್ ಹಾರುತ್ತದೆ. ಅರ್ಥ್ ಕಾಂಟ್ಯಾಕ್ಟಿನಿಂದ ನಿಮ್ಮ ಒಂದು ಮೀಟರ್ ವೈರನ್ನು ಪೇಂಟ್ ಇಲ್ಲದ ಬೋಲ್ಟಿಗೆ ಹಿಡಿಯಿರಿ. ಎಲ್ಲ ಲೈಟ್ ತಟ್ಟನೆ ಸರಿಯಾದರೆ ಕಳ್ಳ ಸಿಕ್ಕಿದ. ಆ ವೈರ್ ಬಾಡಿಗೆ ಸೇರುವ ಬೋಲ್ಟ್ ಹೆಚ್ಚಾಗಿ ಡಿಕ್ಕಿಯೊಳಗೆ ಲೈನಿಂಗ್ ಹಿಂದೆ ಇರುತ್ತದೆ. ಬಿಚ್ಚಿ, ರಿಂಗ್ ಮತ್ತು ಬಾಡಿ ಎರಡನ್ನೂ ಉಜ್ಜಿ, ಬಿಗಿಯಾಗಿ ಹಾಕಿ.

ಹಂತ 6: ಫ್ಯೂಸ್, ಸ್ವಿಚ್, ವೈರ್

ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲೋ ಪುಸ್ತಕದಲ್ಲೋ ಯಾವ ಫ್ಯೂಸ್ ಯಾವುದಕ್ಕೆ ಅಂತ ಚಿತ್ರ ಇರುತ್ತದೆ. ಬಣ್ಣದಿಂದಲೂ ಗೊತ್ತಾಗುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹೋದ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಹಾರಿದರೆ ಎಲ್ಲೋ ವೈರ್ ತಾಗುತ್ತಿದೆ ಅಂತ ಅರ್ಥ. ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು, ಸಿಗರೇಟ್ ಪ್ಯಾಕಿನ ಹಾಳೆ ಇಡುವುದು, ಇವು ಯಾವುದನ್ನೂ ಮಾಡಬೇಡಿ. ಫ್ಯೂಸ್ ಬದಲು ವೈರ್ ಸುಡುತ್ತದೆ.

ಬ್ರೇಕ್ ಸ್ವಿಚ್ ಪೆಡಲಿನ ಮೇಲ್ಭಾಗದಲ್ಲಿರುತ್ತದೆ. ಪೆಡಲ್ ಸುಮ್ಮನಿದ್ದಾಗ ಸ್ವಿಚ್ಚಿನ ಗುಂಡಿಯನ್ನು ಒತ್ತಿ ಹಿಡಿದಿರುತ್ತದೆ, ನೀವು ಕಾಲಿಟ್ಟಾಗ ಬಿಡುತ್ತದೆ, ಲೈಟ್ ಹತ್ತುತ್ತದೆ. ಕೆಲವು ಕಾರುಗಳಲ್ಲಿ ಗುಂಡಿಗೆ ತಾಗುವ ಜಾಗದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿರಡೆ ಇರುತ್ತದೆ. ವರ್ಷಗಳಾದ ಮೇಲೆ ಅದು ಪುಡಿಯಾಗಿ ಉದುರುತ್ತದೆ. ಗುಂಡಿ ಆ ತೂತಿನೊಳಗೆ ಹೋಗಿ ಲೈಟ್ ಉರಿಯುತ್ತಲೇ ಇರುತ್ತದೆ. ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದೆಯಾ ನೋಡಿ. ಇದ್ದರೆ ಸ್ವಿಚ್ ಬೇಡ, ಬಿರಡೆ ಮಾತ್ರ ಸಾಕು.

ಲೈಟ್ ಡಿಕ್ಕಿ ಬಾಗಿಲ ಮೇಲಿದ್ದರೆ, ಬಾಗಿಲಿಗೂ ಬಾಡಿಗೂ ನಡುವೆ ಮಡಚಿಕೊಳ್ಳುವ ರಬ್ಬರ್ ಪೈಪ್ ಸರಿಸಿ ನೋಡಿ. ಸಾವಿರಾರು ಸಲ ತೆಗೆದು ಮುಚ್ಚಿದ ಮೇಲೆ ಅದರೊಳಗಿನ ವೈರ್ ತುಂಡಾಗುತ್ತದೆ. ಬಾಗಿಲು ಎತ್ತಿದಾಗ ಉರಿದು, ಮುಚ್ಚಿದರೆ ಆರುವ ಹೈಮೌಂಟ್ ಲ್ಯಾಂಪಿನ ಗುಟ್ಟು ಇದೇ. ಇಲಿ ಕಾಟವಿರುವ ಕಡೆ ಕಾರು ನಿಲ್ಲಿಸುವವರು ಡಿಕ್ಕಿ ಲೈನಿಂಗ್ ಹಿಂದೆಯೂ ಒಮ್ಮೆ ಇಣುಕಿ. ಇಲಿ ಬಾನೆಟ್ ಒಳಗೆ ಮಾತ್ರ ಕೂರುತ್ತದೆ ಅಂತೇನಿಲ್ಲ.

ಹಂತ 7: ಗಾಜು ಮತ್ತು ಒಳಗಿನ ನೀರು

ನಾವು ಗಾಜು ಅನ್ನುವುದು ನಿಜವಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕಾರ್ ಶಾಂಪೂ, ನೀರು, ಮೆತ್ತನೆ ಬಟ್ಟೆ ಸಾಕು. ಮಳೆಗಾಲದಲ್ಲಿ ದೂರ ಹೋಗುವಾಗ ಚಹಾಕ್ಕೆ ನಿಲ್ಲಿಸಿದಾಗೆಲ್ಲ ಒಮ್ಮೆ ಒರೆಸಿ. ಮಲೆನಾಡಿನ ಕೆಂಪು ಕೆಸರು ಕೂತರೆ ಚೆನ್ನಾಗಿರುವ ಲೈಟೂ ಕಾಣುವುದಿಲ್ಲ.

ತೊಳೆದ ಮೇಲೋ ಮಳೆಯ ಮೇಲೋ ಒಳಗೆ ತೆಳುವಾಗಿ ಆವಿ ಕಟ್ಟಿ, ಲೈಟ್ ಹಾಕಿ ಓಡಿಸಿದ ಮೇಲೆ ಹೋದರೆ ಚಿಂತೆ ಬೇಡ. ಗಾಳಿಯಾಡಲು ಬಿಟ್ಟ ತೂತಿನಿಂದ ಹಾಗಾಗುತ್ತದೆ. ಹನಿ ಇಳಿಯುತ್ತಿದ್ದರೆ, ಕೆಳಗೆ ನೀರು ನಿಂತಿದ್ದರೆ ಮಾತ್ರ ಬಿರುಕು ಅಥವಾ ಹಳೆಯ ವಾಷರ್ ಕಾರಣ. ಬಲ್ಬ್ ತೆಗೆದು ಯೂನಿಟನ್ನು ನೆರಳಲ್ಲಿ ಪೂರ್ತಿ ಒಣಗಿಸಿ, ಬಿರುಕಿಗೆ ಹೊರಗಿನಿಂದ ಸಿಲಿಕಾನ್ ಹಚ್ಚಿ. ವಿನೆಗರ್ ವಾಸನೆಯ ಸಿಲಿಕಾನ್ ಬೇಡ, ಅದು ಕಾಂಟ್ಯಾಕ್ಟುಗಳನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ. ಗಾಳಿಯ ತೂತನ್ನು ಮುಚ್ಚಬೇಡಿ.

ಕಪ್ಪು ಸ್ಟಿಕ್ಕರ್ ಮತ್ತು ಎಲ್‌ಇಡಿ ಬಲ್ಬ್ ಹಾಕಬಹುದಾ?

ಸ್ಟಿಕ್ಕರ್ ಬೇಡವೇ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ಲೈಟ್ 155 ಮೀಟರ್ ದೂರದಿಂದ ಕಾಣಬೇಕು. ಕಪ್ಪು ಫಿಲ್ಮ್ ಅಂಟಿಸಿದರೆ ಹಗಲಿನಲ್ಲಿ ಬ್ರೇಕ್ ಲೈಟ್ ಹತ್ತಿರದಿಂದಲೂ ಕಾಣುವುದು ಕಷ್ಟ.

ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಒಳಗಿನ ಪ್ರತಿಫಲಕವನ್ನು ಸುತ್ತಲೂ ಬೆಳಗುವ ತಂತಿಗೆ ಅಂತ ಮಾಡಿರುತ್ತಾರೆ. ಎಲ್‌ಇಡಿಯ ಬೆಳಕು ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಕರೆಂಟ್ ಕಡಿಮೆ ಎಳೆಯುವುದರಿಂದ ಬಲ್ಬ್ ಹೋಗಿದೆ ಅಂದುಕೊಂಡು ಇಂಡಿಕೇಟರ್ ಬೇಗಬೇಗ ಮಿಣುಕುತ್ತದೆ.

ಕಂಪನಿಯಿಂದಲೇ ಎಲ್‌ಇಡಿ ಬಂದಿದ್ದರೆ

ಇಲ್ಲಿ ಮನೆಯಲ್ಲಿ ಮಾಡುವುದು ಕಡಿಮೆ. ಫ್ಯೂಸ್, ಕನೆಕ್ಟರ್, ಅರ್ಥ್ ಮೂರನ್ನೂ ನೋಡಿ. ಅವು ಸರಿ ಇದ್ದೂ ಒಂದು ಪಟ್ಟಿ ಆರಿಹೋಗಿದ್ದರೆ ಬಹುತೇಕ ಇಡೀ ಯೂನಿಟ್ಟೇ ಬದಲಾಗಬೇಕು, ಸಾವಿರಗಟ್ಟಲೆ ಖರ್ಚು. ವಾರಂಟಿ ಇದ್ದರೆ ನೀವು ಬಿಚ್ಚಲು ಹೋಗಬೇಡಿ, ನೇರವಾಗಿ ಸರ್ವಿಸ್ ಸೆಂಟರಿಗೆ ಕೊಡಿ.

ವಾರಂಟಿ ಮುಗಿದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಸಾಲಿನಲ್ಲೋ ಗುಜರಿಯಲ್ಲೋ ಹುಡುಕಬಹುದು. ಕೊಳ್ಳುವ ಮೊದಲು ಹಿಂದಿನ ಪ್ಲಾಸ್ಟಿಕ್ ಗೂಟಗಳು ಮುರಿದಿಲ್ಲವೇ, ಕನೆಕ್ಟರಿನ ಪಿನ್ನುಗಳು ಹಸಿರಾಗಿಲ್ಲವೇ ನೋಡಿ. ನಿಮ್ಮ ಕಾರಿನ ವರ್ಷವನ್ನೂ ಹೇಳಿ, ಒಂದೇ ಹೆಸರಿನ ಕಾರಿನಲ್ಲೂ ಮಧ್ಯೆ ಲೈಟಿನ ಆಕಾರ ಬದಲಾಗಿರುತ್ತದೆ. ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಕೊಟ್ಟು ಟೈಲ್, ಬ್ರೇಕ್ ಎರಡನ್ನೂ ಉರಿಸಿ ತೋರಿಸಿದ ಮೇಲೆ ದುಡ್ಡು ಕೊಡಿ.